ಹೂಮಳೆಗೆ ಮೊದಲು ಕಡತ ಹೊರಡಬೇಕು

ಕೇಳುಗರಿಗೆ ನಮಸ್ಕಾರ.

ಕೊಡಗಿನ ಕಾಫಿ ಬೆಳೆಗಾರರಿಗೆ ಹೂಮಳೆಯ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಾರ್ಚ್‌ನಲ್ಲೋ ಏಪ್ರಿಲ್‌ನಲ್ಲೋ ಒಂದು ಇಂಚು ಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಎರಡು ಮೂರು ದಿನ ಆ ಪರಿಮಳ. ಆಮೇಲೆ ಹೂವು ಕಂದಿ ಉದುರುತ್ತದೆ. ಆ ಹೂವಿಗೆ ಯಾವ ಜೇನು ಎಷ್ಟು ಹೊತ್ತಿಗೆ ಬರುತ್ತದೆ, ಕಾಡುಮರದ ನೆರಳಿರುವ ತೋಟಕ್ಕೂ ಬರೀ ಸಿಲ್ವರ್ ಓಕ್ ಇರುವ ತೋಟಕ್ಕೂ ಏನು ವ್ಯತ್ಯಾಸ ಎಂದು ತಿಳಿಯಲು ಒಬ್ಬ ಅಧ್ಯಾಪಕರು ಮೂರು ವರ್ಷದ ಸಂಶೋಧನಾ ಯೋಜನೆ ಪಡೆದಿದ್ದಾರೆ ಎಂದಿಟ್ಟುಕೊಳ್ಳಿ. ಮೂರು ವರ್ಷ ಎಂದರೆ ಅವರಿಗೆ ಸಿಗುವುದು ಮೂರೇ ಹೂವು. ಮಂಜೂರಾತಿ ಪತ್ರ ನವೆಂಬರಿನಲ್ಲಿ ಬಂತು. ತೇವಾಂಶ, ಉಷ್ಣಾಂಶ ದಾಖಲಿಸುವ ಲಾಗರ್ ಕೊಳ್ಳುವ ಕಡತ ಫೆಬ್ರವರಿಯಲ್ಲಿ ಲೆಕ್ಕಪತ್ರ ವಿಭಾಗದಿಂದ ಆಕ್ಷೇಪಣೆಯೊಂದಿಗೆ ವಾಪಸು ಬಂತು. ಸಂಶೋಧನಾ ಸಹಾಯಕರ ನೇಮಕದ ಜಾಹೀರಾತಿಗೆ ಇನ್ನೂ ಸಹಿ ಬಿದ್ದಿಲ್ಲ. ಅಷ್ಟರಲ್ಲಿ ಹೂವು ಅರಳಿ ಉದುರಿಯೂ ಹೋಯಿತು. ಯೋಜನೆಯ ಮೂರರಲ್ಲಿ ಒಂದು ಪಾಲು ಮಾಹಿತಿ ಕೈತಪ್ಪಿದ್ದು ಹಣವಿಲ್ಲದೆ ಅಲ್ಲ, ಹಣ ಬಂದ ಮೇಲೆ.

ವಿಶ್ವವಿದ್ಯಾಲಯದ ಸಂಶೋಧನೆಗೆ ಹಣ ಸಾಲದು ಎಂಬ ಮಾತು ನಿಜವೇ. ಆದರೆ ಬಂದ ಹಣವನ್ನು ಹೊತ್ತಿಗೆ ಸರಿಯಾಗಿ ಖರ್ಚು ಮಾಡಿ ಲೆಕ್ಕ ಕೊಡುವ ಕೈಗಳು ಇಲ್ಲದಿದ್ದರೆ ಎರಡನೆಯ ಕಂತು ಬರುವುದಿಲ್ಲ, ಮುಂದಿನ ಅರ್ಜಿಗೂ ಬೆಲೆ ಇರುವುದಿಲ್ಲ. ಇವತ್ತಿನ ಮಾತು ಮುಖ್ಯವಾಗಿ ಆ ಕೈಗಳ ಬಗ್ಗೆ, ಅವರು ಕೂರುವ ಸಂಶೋಧನಾ ಕೋಶದ ಬಗ್ಗೆ.

ನಮ್ಮ ಜಿಲ್ಲೆಯ ಮಟ್ಟಿಗೆ ಹಿನ್ನೆಲೆ ಇಷ್ಟು. ಕುಶಾಲನಗರದ ಬಳಿ ಚಿಕ್ಕ ಅಳುವಾರದ ಜ್ಞಾನ ಕಾವೇರಿ ಆವರಣ ಮೊದಲು ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. 2023ರಲ್ಲಿ ಅದು ಕೊಡಗು ವಿಶ್ವವಿದ್ಯಾಲಯವಾಯಿತು. ಹೊಸ ವಿಶ್ವವಿದ್ಯಾಲಯಗಳನ್ನು ಉಳಿಸಬೇಕೋ ವಿಲೀನ ಮಾಡಬೇಕೋ ಎಂಬ ಚರ್ಚೆ 2025ರಲ್ಲಿ ರಾಜ್ಯದಲ್ಲೆಲ್ಲ ನಡೆಯಿತು. ಆ ರಾಜಕೀಯ ಇಲ್ಲಿ ಬೇಡ. ಜಿಲ್ಲೆಯಲ್ಲಿ ಸಂಶೋಧನೆಯ ನೆಲೆಗಳಿಗಂತೂ ಬರವಿಲ್ಲ. ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯ, ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ ಮತ್ತು ತೋಟಗಾರಿಕಾ ಪ್ರಯೋಗ ಕೇಂದ್ರ, ಅಪ್ಪಂಗಳದಲ್ಲಿ ಸಾಂಬಾರ ಬೆಳೆಗಳ ಪ್ರಾದೇಶಿಕ ಕೇಂದ್ರ, ಮಡಿಕೇರಿಯಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಇವೆ. ಒಂದೂವರೆ ಗಂಟೆಯ ದಾರಿಯೊಳಗೆ ಇಷ್ಟು ಪ್ರಯೋಗಾಲಯಗಳಿರುವ ಜಿಲ್ಲೆ ರಾಜ್ಯದಲ್ಲಿ ಹೆಚ್ಚೇನೂ ಸಿಗುವುದಿಲ್ಲ.

ಹಣ ಎಲ್ಲಿಂದ ಬರುತ್ತದೆ? ಕೇಂದ್ರದಲ್ಲಿ ಈಗ ದೊಡ್ಡ ಬಾಗಿಲು ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ. ಇದರ ಕಾಯ್ದೆ 2023ರದು. ವಿಜ್ಞಾನ ಸಂಶೋಧನೆಗೆ ಹಣ ಕೊಡುತ್ತಿದ್ದ ಹಳೆಯ ಸರ್ಬ್ ಮಂಡಳಿ ಇದರೊಳಗೆ ಸೇರಿಹೋಗಿದೆ. ಇದರ ಪೇರ್ ಎಂಬ ಕಾರ್ಯಕ್ರಮದಲ್ಲಿ ಒಂದು ದೊಡ್ಡ ಸಂಸ್ಥೆ ಗಾಲಿಯ ಗುಂಬದಂತೆ ನಡುವೆ ನಿಂತು, ಸಣ್ಣ ವಿಶ್ವವಿದ್ಯಾಲಯಗಳು ಅರಗಳಂತೆ ಅದಕ್ಕೆ ಜೋಡಿಕೊಳ್ಳುತ್ತವೆ. ಇದಲ್ಲದೆ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ಜೈವಿಕ ತಂತ್ರಜ್ಞಾನ ಇಲಾಖೆ, ಸಮಾಜ ವಿಜ್ಞಾನಕ್ಕೆ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯಾದ ಐಸಿಎಸ್‌ಎಸ್‌ಆರ್ ಇವೆ. ರಾಜ್ಯದಲ್ಲಿ ವಿಜ್ಞಾನ ಸಂಶೋಧನೆಗೆ ನೆರವು ನೀಡುವ ವಿಷನ್ ಗ್ರೂಪ್ ಮತ್ತು ವಿಜ್ಞಾನ ತಂತ್ರಜ್ಞಾನ ಮಂಡಳಿ ಇವೆ. ಕಂಪನಿಗಳು ಸಾಮಾಜಿಕ ಹೊಣೆಯೆಂದು ಕೊಡುವ ಸಿಎಸ್‌ಆರ್ ಹಣವನ್ನು ಶಾಲೆಗೆ ಬೆಂಚು ಕೊಡಿಸಲು ಮಾತ್ರ ಎಂದು ಅನೇಕರು ತಿಳಿದಿದ್ದಾರೆ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ವಿಜ್ಞಾನ, ತಂತ್ರಜ್ಞಾನ, ವೈದ್ಯಕೀಯ ಸಂಶೋಧನೆ ಮಾಡುವ ಸರ್ಕಾರಿ ವಿಶ್ವವಿದ್ಯಾಲಯಕ್ಕೂ ಅದನ್ನು ಕೊಡಬಹುದೆಂದಿದೆ. ಕೇಳುವವರು ಬೇಕು.

ಯುಜಿಸಿಯ ಅಭಿವೃದ್ಧಿ ಅನುದಾನ ಬೇಕಾದರೆ 12ಬಿ ಮಾನ್ಯತೆ, ಅಂದರೆ ಕೇಂದ್ರದ ನೆರವಿಗೆ ಅರ್ಹ ಎಂಬ ಮಾನ್ಯತೆ ಇರಬೇಕು. ಅದು ಇಲ್ಲ ಎಂದು ಎಲ್ಲ ಅರ್ಜಿಗಳನ್ನೂ ಬಿಟ್ಟು ಕೂರುವುದು ತಪ್ಪು. ಒಂದೊಂದು ಸಂಸ್ಥೆಯ ಷರತ್ತು ಒಂದೊಂದು ಬಗೆ, ಓದಿ ನೋಡಬೇಕು. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಮುಖ್ಯ ಸಂಶೋಧಕರು ಕಾಯಂ ಹುದ್ದೆಯಲ್ಲಿರಬೇಕು ಎಂದು ಬಹುತೇಕ ಸಂಸ್ಥೆಗಳು ಕೇಳುತ್ತವೆ. ಅತಿಥಿ ಉಪನ್ಯಾಸಕರನ್ನೇ ನೆಚ್ಚಿ ನಡೆಯುವ ವಿಭಾಗದಲ್ಲಿ ಅರ್ಜಿಗೆ ಸಹಿ ಹಾಕುವವರೇ ಇರುವುದಿಲ್ಲ. ಇದಕ್ಕೆ ಯಾವ ಸಂಶೋಧನಾ ಕೋಶವೂ ಮದ್ದು ಕೊಡಲಾರದು, ಸರ್ಕಾರ ಹುದ್ದೆ ತುಂಬಬೇಕು. ಇರುವ ಕಾಯಂ ಅಧ್ಯಾಪಕರು ನಿವೃತ್ತಿಗೆ ಹತ್ತಿರವಿದ್ದರೆ ಸಹ ಸಂಶೋಧಕರ ಹೆಸರನ್ನು ಅರ್ಜಿಯಲ್ಲೇ ಸೇರಿಸಿರಬೇಕು.

ಇನ್ನು ಕೋಶದ ವಿಚಾರ. ಬೋರ್ಡು ನೇತುಹಾಕಿ, ಈಗಾಗಲೇ ವಾರಕ್ಕೆ ಹದಿನಾರು ಗಂಟೆ ಪಾಠ ಮಾಡುವ ಒಬ್ಬರನ್ನು ಸಂಯೋಜಕರು ಎಂದು ಕರೆದರೆ ಕೋಶವಾಗುವುದಿಲ್ಲ. ಸಣ್ಣ ವಿಶ್ವವಿದ್ಯಾಲಯಕ್ಕೆ ಎರಡು ಪೂರ್ಣಾವಧಿ ಕೈ ಸಾಕು. ಒಬ್ಬರು ಅರ್ಜಿಯ ಕಡೆ: ಯಾವ ಕರೆ ಯಾವಾಗ ಬಂತು, ಯಾರಿಗೆ ಹೊಂದುತ್ತದೆ, ಬಜೆಟ್ ಸರಿಯಿದೆಯೇ. ಇನ್ನೊಬ್ಬರು ಮಂಜೂರಾದ ಮೇಲಿನ ಕಡೆ: ಖರೀದಿ, ನೇಮಕ, ಲೆಕ್ಕ. ಎರಡನೆಯವರು ವಾಣಿಜ್ಯ ಓದಿದವರಾಗಿದ್ದು, ಸರ್ಕಾರಿ ಆಡಿಟ್ ಕಂಡವರಾಗಿದ್ದರೆ ಒಳ್ಳೆಯದು.

ಇವರ ಸಂಬಳ ಯೋಜನೆಗಳಿಂದಲೇ ಹುಟ್ಟಲಿ ಎನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ತಲಾ 30 ಲಕ್ಷದ ಐದು ಯೋಜನೆ ಇದ್ದು, ವಿಶ್ವವಿದ್ಯಾಲಯಕ್ಕೆ ಮೇಲುವೆಚ್ಚ ಎಂದು, ಅಂದರೆ ಯೋಜನೆಗೆ ಜಾಗ, ಕರೆಂಟು, ಕಚೇರಿ ಒದಗಿಸಿದ್ದಕ್ಕೆ, ನೂರಕ್ಕೆ ಹತ್ತು ಸಿಕ್ಕಿತು ಎನ್ನಿ. ಮೂರು ವರ್ಷಕ್ಕೆ 15 ಲಕ್ಷ, ವರ್ಷಕ್ಕೆ 5 ಲಕ್ಷ. ತಿಂಗಳಿಗೆ 25,000ದಂತೆ ಇಬ್ಬರಿಗೆ ವರ್ಷಕ್ಕೆ 6 ಲಕ್ಷ ಬೇಕು. ಸಾಲುವುದಿಲ್ಲ. ಹಾಗಾಗಿ ಮೊದಲ ಮೂರು ವರ್ಷ ವಿಶ್ವವಿದ್ಯಾಲಯ ತನ್ನ ಸ್ವಂತ ನಿಧಿಯಿಂದಲೇ ಈ ಖರ್ಚು ಹೊರಬೇಕು. ಮೇಲುವೆಚ್ಚದ ಹಣವನ್ನು ಕರೆಂಟ್ ಬಿಲ್ಲಿಗೆ ಕಟ್ಟಿ ಮುಗಿಸುವ ಅಭ್ಯಾಸ ಹಲವು ಕಡೆ ಇದೆ. ಅದರಲ್ಲಿ ಅರ್ಧವನ್ನಾದರೂ ಹೊಸ ಅಧ್ಯಾಪಕರಿಗೆ 50,000, ಒಂದು ಲಕ್ಷದ ಬೀಜಧನವಾಗಿ ತೆಗೆದಿಡಬೇಕು. ಷರತ್ತು ಒಂದೇ, ವರ್ಷ ಮುಗಿಯುವುದರೊಳಗೆ ಹೊರಗಿನ ಒಂದು ಅರ್ಜಿ ಹೋಗಿರಬೇಕು.

ಬಜೆಟ್ಟಿನಲ್ಲಿ ಆಗುವ ತಪ್ಪುಗಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಯೋಜನೆಯಲ್ಲಿ ದುಡಿಯುವ ಕಿರಿಯ ಸಂಶೋಧಕರಿಗೆ, ಅಂದರೆ ಜೂನಿಯರ್ ರಿಸರ್ಚ್ ಫೆಲೋಗೆ ತಿಂಗಳಿಗೆ 37,000, ಮೂರನೇ ವರ್ಷ ಸೀನಿಯರ್ ಆದ ಮೇಲೆ 42,000. ಇದು 2023ರ ಜನವರಿಯಿಂದ ಇರುವ ದರ. ಮೂರು ವರ್ಷಕ್ಕೆ 13 ಲಕ್ಷದ 92 ಸಾವಿರ, ಮನೆ ಬಾಡಿಗೆ ಭತ್ಯೆ ಬೇರೆ. 30 ಲಕ್ಷದಲ್ಲಿ ಹತ್ತಿರ ಹತ್ತಿರ ಅರ್ಧ ಅಲ್ಲಿಗೇ ಹೋಯಿತು. ಉಪಕರಣಕ್ಕೆ 6 ಲಕ್ಷ ಬರೆದು ಜಿಎಸ್‌ಟಿ ಮರೆಯುತ್ತಾರೆ. ಸಂಶೋಧನಾ ಸಂಸ್ಥೆಗಳಿಗಿದ್ದ ಶೇಕಡಾ 5ರ ರಿಯಾಯಿತಿ 2022ರ ಜುಲೈಯಲ್ಲೇ ಹೋಯಿತು. ಈಗ ಶೇಕಡಾ 18 ಸೇರಿಸಿದರೆ 7 ಲಕ್ಷದ 8 ಸಾವಿರ. ಕೊರತೆ ಬಿದ್ದ ಒಂದು ಲಕ್ಷದ ಎಂಟು ಸಾವಿರಕ್ಕೆ ಸಂವೇದಕವೊಂದನ್ನು ಕೈಬಿಟ್ಟು ಉಳಿದದ್ದನ್ನು ಕೊಳ್ಳುತ್ತಾರೆ, ಆಮೇಲೆ ಆ ಯಂತ್ರ ಅರ್ಧ ಕೆಲಸ ಮಾಡುತ್ತದೆ.

ಕೊಡಗಿಗೇ ವಿಶೇಷವಾದ ಖರ್ಚುಗಳನ್ನು ದೆಹಲಿಯ ನಮೂನೆಯಲ್ಲಿ ಯಾರೂ ಕೇಳುವುದಿಲ್ಲ, ನಾವೇ ಬರೆಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವಾಗ ಮೈಕ್ರೋಸ್ಕೋಪಿನ ಲೆನ್ಸಿನ ಮೇಲೆ ಬೂಷ್ಟು ಕೂರುತ್ತದೆ. ಒಮ್ಮೆ ಗಾಜಿನ ಲೇಪನವನ್ನು ತಿಂದರೆ ಒರೆಸಿ ಪ್ರಯೋಜನವಿಲ್ಲ. ಗಾಳಿಯ ತೇವ ಹೀರುವ ಯಂತ್ರ, ಮುಚ್ಚಿಡುವ ಪೆಟ್ಟಿಗೆ, ಅದರಲ್ಲಿ ಸಿಲಿಕಾ ಜೆಲ್, ಬಣ್ಣ ಬದಲಾದಾಗ ಅದನ್ನು ಬಿಸಿಮಾಡಿ ಒಣಗಿಸುವ ಜವಾಬ್ದಾರಿ ಒಬ್ಬರಿಗೆ. ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಿದ್ದರೆ ಫ್ರೀಜರಿನಲ್ಲಿಟ್ಟ ಮಾದರಿಗಳ ಗತಿ ಏನು? ಯುಪಿಎಸ್ಸಿನ ಬ್ಯಾಟರಿ ಕೆಲವೇ ಗಂಟೆ, ಜನರೇಟರಿನ ಡೀಸೆಲ್ ಲೆಕ್ಕವೂ ಬಜೆಟ್ಟಿನಲ್ಲಿರಬೇಕು. ಪ್ರಯಾಣದ ತಲೆಬರಹದಡಿ ಬಸ್ ಚಾರ್ಜು ಬರೆದವರು ಬೆಟ್ಟದ ತುದಿಯ ಜಾಗಕ್ಕೆ ಹೋಗುವಾಗ ಜೀಪಿನ ಬಾಡಿಗೆಗೆ ಪರದಾಡುತ್ತಾರೆ. ಆನೆ ಓಡಾಡುವ ತೋಟಗಳಲ್ಲಿ ಸಂಜೆ ಐದರ ಮೇಲೆ ಕ್ಷೇತ್ರಕಾರ್ಯ ಬೇಡ ಎಂಬ ನಿಯಮ, ಸಹಾಯಕರಿಗೆ ಅಪಘಾತ ವಿಮೆ, ಇವೂ ಸೇರಲಿ.

ದುಬಾರಿ ಯಂತ್ರವನ್ನು ಕೊಳ್ಳುವ ಮೊದಲು ಐ-ಸ್ಟೆಮ್ ಜಾಲತಾಣದಲ್ಲಿ ನೋಡಿ. ದೇಶದ ಯಾವ ಸಂಸ್ಥೆಯಲ್ಲಿ ಯಾವ ಯಂತ್ರ ಗಂಟೆಯ ಲೆಕ್ಕದಲ್ಲಿ ಬಳಕೆಗೆ ಸಿಗುತ್ತದೆ ಎಂಬ ಪಟ್ಟಿ ಅಲ್ಲಿದೆ. ವರ್ಷಕ್ಕೆ ನಲವತ್ತು ಮಾದರಿ ಪರೀಕ್ಷಿಸಲು ನಲವತ್ತು ಲಕ್ಷದ ಯಂತ್ರ ಕೊಳ್ಳುವುದು ದುಂದು. ನಿಯತಕಾಲಿಕಗಳ ವಿಚಾರದಲ್ಲಿ ಕಷ್ಟ ಬಹಳ ಕಡಿಮೆಯಾಗಿದೆ. ಒಂದು ರಾಷ್ಟ್ರ ಒಂದು ಚಂದಾ ಯೋಜನೆ 2025ರ ಜನವರಿಯಲ್ಲಿ ಶುರುವಾಗಿ, ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ತೆರೆದುಕೊಂಡಿವೆ. ಇನ್ನು ಬೇಕಾದದ್ದು ಗ್ರಂಥಪಾಲಕರು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಹುಡುಕುವುದನ್ನು ಕಲಿಸುವ ಒಂದು ಮಧ್ಯಾಹ್ನ.

ಈಗ ಎಲ್ಲರೂ ಎಡವುವ ಜಾಗ, ಹಣ ಬಳಕೆ ಪ್ರಮಾಣಪತ್ರ. ಕಚೇರಿಯ ಮಾತಿನಲ್ಲಿ ಯುಸಿ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಇದರ ನಮೂನೆ 12ಎ. ಒಂದು ಉದಾಹರಣೆಯನ್ನು ನಿಧಾನವಾಗಿ ಹೇಳುತ್ತೇನೆ, ಪೆನ್ನು ಇದ್ದವರು ಬರೆದುಕೊಳ್ಳಿ. ಹಿಂದಿನ ವರ್ಷದ ಉಳಿಕೆ 1 ಲಕ್ಷ 20 ಸಾವಿರ. ಈ ವರ್ಷ ಬಂದದ್ದು 8 ಲಕ್ಷ. ಬ್ಯಾಂಕಿನ ಬಡ್ಡಿ 14 ಸಾವಿರ. ಒಟ್ಟು 9 ಲಕ್ಷ 34 ಸಾವಿರ. ಖರ್ಚಾದದ್ದು 7 ಲಕ್ಷ 10 ಸಾವಿರ. ಉಳಿದದ್ದು 2 ಲಕ್ಷ 24 ಸಾವಿರ. ಇದರ ನಡುವೆ 90 ಸಾವಿರದ ಸ್ಟೆಬಿಲೈಸರಿಗೆ ಮಾರ್ಚ್ 20ಕ್ಕೆ ಆರ್ಡರ್ ಕೊಟ್ಟಿದ್ದೀರಿ, ಮಾಲು ಬಂದಿಲ್ಲ. ಅದನ್ನು ಖರ್ಚಿಗೆ ಸೇರಿಸಿ 8 ಲಕ್ಷ ಎಂದು ಬರೆಯುತ್ತಾರೆ. ಅಲ್ಲೇ ತಪ್ಪು. ಅದು ಬದ್ಧ ವೆಚ್ಚ, ಬೇರೆ ಸಾಲಿನಲ್ಲಿ ಬರಬೇಕು. ಬಡ್ಡಿಯನ್ನು ಬರೆಯದೆ ಬಿಡುವುದು ಎರಡನೆಯ ತಪ್ಪು. ಅದು ವಿಶ್ವವಿದ್ಯಾಲಯದ ಹಣವಲ್ಲ, ಸರ್ಕಾರಕ್ಕೆ ವಾಪಸು ಹೋಗಬೇಕಾದದ್ದು. ಮೂರನೆಯದು, ಉಪಕರಣಕ್ಕೆ ಬಂದ ಬಂಡವಾಳದ ಹಣವನ್ನೂ ದಿನದ ಖರ್ಚಿನ ಹಣವನ್ನೂ ಒಂದೇ ಪತ್ರದಲ್ಲಿ ಕಲಸುವುದು. ಯುಸಿಯ ಅಂಕಿಗೂ ಖರ್ಚಿನ ವಿವರಪಟ್ಟಿಯ ಅಂಕಿಗೂ ಒಂದು ರೂಪಾಯಿ ವ್ಯತ್ಯಾಸ ಬಂದರೂ ಕಡತ ವಾಪಸು. ಕಡತ ವಾಪಸಾದರೆ ಕಂತು ನಿಲ್ಲುತ್ತದೆ, ಕಂತು ನಿಂತರೆ ಫೆಲೋಗೆ ಸಂಬಳವಿಲ್ಲ. ನಾಲ್ಕು ತಿಂಗಳು ಕಾದ ಹುಡುಗಿ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತೆಂದು ಹೊರಡುತ್ತಾಳೆ. ಆಕೆಯ ಜೊತೆಗೇ ಎರಡು ವರ್ಷದ ಕ್ಷೇತ್ರಾನುಭವವೂ ಹೋಗುತ್ತದೆ.

ಇದನ್ನು ತಡೆಯಲು 5ರಿಂದ 10 ಲಕ್ಷದ ಒಂದು ಮುಂಗಡ ನಿಧಿ ಇಟ್ಟುಕೊಂಡು, ಕಂತು ತಡವಾದಾಗ ಫೆಲೋಶಿಪ್ಪನ್ನು ಅದರಿಂದ ಕೊಟ್ಟು ಆಮೇಲೆ ಭರ್ತಿ ಮಾಡಿಕೊಳ್ಳಬಹುದು. ಹಾಗೆ ಭರ್ತಿ ಮಾಡಿಕೊಳ್ಳಲು ಅನುದಾನದ ಷರತ್ತಿನಲ್ಲಿ ಅವಕಾಶವಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಈಗ ಅನೇಕ ಅನುದಾನಗಳು ಶೂನ್ಯ ಬಾಕಿ ಖಾತೆಯಲ್ಲಿ ಬರುತ್ತವೆ. ಹಣ ನಿಮ್ಮ ಖಾತೆಯಲ್ಲಿ ಕೂರುವುದಿಲ್ಲ, ಇಷ್ಟರವರೆಗೆ ಖರ್ಚು ಮಾಡಬಹುದು ಎಂಬ ಮಿತಿ ಮಾತ್ರ ಸಿಗುತ್ತದೆ. ಮಾರ್ಚ್ 31ರ ರಾತ್ರಿಗೆ ಆ ಮಿತಿ ರದ್ದು. ಮಾರ್ಚ್ ಕೊನೆಯ ವಾರದಲ್ಲಿ ಬಿಲ್ಲು ಹಿಡಿದು ಓಡುವವರಿಗೆ ಕಂಪ್ಯೂಟರಿನ ಸರ್ವರ್ ಸಿಗುವುದಿಲ್ಲ, ಸಹಿಯೂ ಸಿಗುವುದಿಲ್ಲ.

ಅನುಮತಿಗಳದ್ದು ಇನ್ನೊಂದು ದಾರಿ. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ವನ್ಯಧಾಮಗಳೊಳಗೆ ಕೆಲಸವಿದ್ದರೆ ಅರಣ್ಯ ಇಲಾಖೆಯ ಒಪ್ಪಿಗೆ ಪಡೆಯಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಮಂಜೂರಾತಿಗೆ ಕಾಯದೆ ಆ ಅರ್ಜಿ ಹಾಕಬೇಕು. ಜನರನ್ನು ಮಾತಾಡಿಸುವ ಅಧ್ಯಯನಕ್ಕೆ ನೈತಿಕ ಸಮಿತಿ ಬೇಕು. ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಗಳಲ್ಲಿ ಸಮೀಕ್ಷೆ ಮಾಡುವಾಗ ತೋಟದ ಮಾಲೀಕರ ಅನುಮತಿ ಬೇರೆ, ಕಾರ್ಮಿಕರ ಒಪ್ಪಿಗೆ ಬೇರೆ. ತೋಟದ ಕೆಲಸದ ಲೆಕ್ಕ ಬರೆಯುವ ರೈಟರ್ ಪಕ್ಕದಲ್ಲಿ ನಿಂತಿರುವಾಗ ಕೂಲಿಯ ಬಗ್ಗೆ ಕೇಳಿದ ಪ್ರಶ್ನೆಗೆ ಸಿಗುವ ಉತ್ತರವನ್ನು ಅಂಕಿ ಅಂಶ ಎನ್ನಲಾಗದು.

ಅರ್ಜಿಯ ದಿನಚರಿಯನ್ನು ಕೊನೆಯ ದಿನಾಂಕದಿಂದ ಹಿಂದಕ್ಕೆ ಎಣಿಸಿ. ಮೂವತ್ತು ದಿನ ಮೊದಲು ಒಂದು ಪುಟದ ಸಾರಾಂಶ ಕೋಶಕ್ಕೆ. ಇಪ್ಪತ್ತು ದಿನ ಮೊದಲು ಬಜೆಟ್. ಹತ್ತು ದಿನ ಮೊದಲು ಬೇರೆ ವಿಭಾಗದ ಒಬ್ಬರು ಓದಬೇಕು. ಅವರಿಗೆ ಅರ್ಥವಾಗದ್ದು ಪರಿಶೀಲಕರಿಗೂ ಅರ್ಥವಾಗದಿರಬಹುದು. ಐದು ದಿನ ಮೊದಲು ಸಂಸ್ಥೆಯ ಮುಖ್ಯಸ್ಥರ ಒಪ್ಪಿಗೆ ಪತ್ರ. ಕುಲಪತಿಗಳು ಊರಲ್ಲಿಲ್ಲದಾಗ ಕುಲಸಚಿವರು ಸಹಿ ಹಾಕಬಹುದು ಎಂಬ ಆದೇಶವನ್ನು ವರ್ಷದ ಮೊದಲೇ ಹೊರಡಿಸಿ ಇಟ್ಟಿರಬೇಕು.

ಮಂಜೂರಾದ ಯೋಜನೆಗೆ ಎಣಿಕೆ ಮಳೆಯಿಂದ ಹಿಂದಕ್ಕೆ. 2018ರ ಆಗಸ್ಟಿನ ಭೂಕುಸಿತದ ನಂತರ ಇಳಿಜಾರುಗಳ ಅಧ್ಯಯನಕ್ಕೆ ಬಹಳ ಮಂದಿ ಮುಂದೆ ಬಂದರು. ಮಳೆಮಾಪಕ, ಮಣ್ಣಿನೊಳಗಿನ ನೀರಿನ ಒತ್ತಡ ಅಳೆಯುವ ಕೊಳವೆ ಇವೆಲ್ಲ ಮೇ 20ರೊಳಗೆ ನೆಲದಲ್ಲಿ ನಿಂತಿರಬೇಕು. ರಾಜ್ಯದ 1999ರ ಪಾರದರ್ಶಕ ಖರೀದಿ ಕಾಯ್ದೆಯಡಿ ಟೆಂಡರ್ ಕರೆದು, ತೆರೆದು, ಆದೇಶ ಕೊಟ್ಟು, ಮಾಲು ಬರಲು ಕಡಿಮೆ ಎಂದರೂ ನಾಲ್ಕು ತಿಂಗಳು ಬೇಕು. ಹಾಗಾದರೆ ಉಪಕರಣದ ವಿವರಣೆ ಬರೆದ ಕಡತ ಜನವರಿ ಮೊದಲ ವಾರ ಮೇಜಿನಿಂದ ಏಳಬೇಕು. ಹೂವಿನ ಅಧ್ಯಯನಕ್ಕಾದರೆ ಅಕ್ಟೋಬರಿನಲ್ಲಿ, ಕಾವೇರಿ ಸಂಕ್ರಮಣದ ರಜೆ ಮುಗಿಸಿ ಬಂದ ಮರುದಿನ.

ನಮಸ್ಕಾರ.