ಸಂಚಾರಿ ವಿಜಯ್: ಮೊದಲು ನಾಟಕ, ಆಮೇಲೆ ಸಿನಿಮಾ

ಕೇಳುಗರಿಗೆಲ್ಲ ನಮಸ್ಕಾರ. ಊರಲ್ಲಿದ್ದುಕೊಂಡೇ ಸಿನಿಮಾ ನಟರಾಗುವ ಕನಸು ಕಾಣುತ್ತಿರುವ ಹುಡುಗ ಹುಡುಗಿಯರೇ, ಇವತ್ತು ನಾನು ಮಾತಾಡುತ್ತಿರುವುದು ನಿಮ್ಮ ಜೊತೆ. ಹೇಳೋದು ಒಂದೇ ಮಾತು: ಮೊದಲು ನಾಟಕ ಕಲಿಯಿರಿ.

ನಟ ಸಂಚಾರಿ ವಿಜಯ್ ಅವರನ್ನೇ ನೋಡಿ. 1983ರಲ್ಲಿ ಹುಟ್ಟಿದವರು, ಕಡೂರು ತಾಲ್ಲೂಕಿನವರು. ಎಂಜಿನಿಯರಿಂಗ್ ಓದಿ ಕಾಲೇಜಿನಲ್ಲಿ ಪಾಠವನ್ನೂ ಮಾಡಿದರು. ಆದರೆ ಜೀವ ಇದ್ದದ್ದು ರಂಗದ ಮೇಲೆ. ಬೆಂಗಳೂರಿನ ‘ಸಂಚಾರಿ’ ತಂಡದಲ್ಲಿ ನಾಟಕ ಆಡಿದರು. ತಂಡದ ಹೆಸರೇ ಅವರ ಹೆಸರಿಗೆ ಅಂಟಿಕೊಂಡಿತು. ಸಿನಿಮಾಕ್ಕೆ ಬಂದದ್ದು ಆಮೇಲೆ, 2011ರಲ್ಲಿ.

ನಮ್ಮ ರಂಗಶಿಬಿರಕ್ಕೆ ಒಬ್ಬ ಹುಡುಗ ಬಂದಿದ್ದ. ಫೋನಿನ ತುಂಬ ಅವನದೇ ಫೋಟೊಗಳು. “ಸಾರ್, ಡೈಲಾಗ್ ಹೇಳ್ಲಾ?” ಅಂದ. ಬೇಡಪ್ಪ ಅಂದೆ. ಸಾಮಾನು ಇಡುವ ತಗಡಿನ ಟ್ರಂಕ್ ಒಂದಿತ್ತು, ಖಾಲಿ. “ಇದರೊಳಗೆ ನಿನ್ನ ಮಗನ ಹೆಣ ಇದೆ. ಬಸ್ಸಿನಲ್ಲಿ ಊರಿಗೆ ಒಯ್ಯಬೇಕು. ಯಾರಿಗೂ ಗೊತ್ತಾಗಬಾರದು. ಎತ್ತು” ಅಂದೆ. ಹುಡುಗ ಮುಖ ಕಿವುಚಿ, ಎದೆ ಬಡಿದುಕೊಂಡು ಅತ್ತ. ಟ್ರಂಕನ್ನು ಮಾತ್ರ ಒಂದೇ ಕೈಯಲ್ಲಿ ಎತ್ತಿಬಿಟ್ಟ! ಅಳು ಇತ್ತು, ಭಾರ ಇರಲಿಲ್ಲ. ಮತ್ತೆ ಮಾಡಿಸಿದೆ. ಮತ್ತೆ ಅಳು. ಕೊನೆಗೆ ಟ್ರಂಕಿಗೆ ಇಟ್ಟಿಗೆ ತುಂಬಿಸಿದೆ. ಈಗ ಬಗ್ಗಿದ, ಎತ್ತಿದ, ಸುತ್ತ ನೋಡಿದ, ಮೆಲ್ಲಗೆ ಇಳಿಸಿದ. ಅಳೋದು ಮರೆತೇ ಹೋಯಿತು. ನೋಡುತ್ತಿದ್ದ ನಮಗೆ ಗಂಟಲು ಕಟ್ಟಿತು.

ಆ ಸನ್ನಿವೇಶ ನನ್ನದಲ್ಲ, ಮಂಸೋರೆ ನಿರ್ದೇಶನದ ‘ಹರಿವು’ ಚಿತ್ರದ್ದು. ಮಗನ ಚಿಕಿತ್ಸೆಗೆಂದು ಬೆಂಗಳೂರಿಗೆ ಬಂದ ಉತ್ತರ ಕರ್ನಾಟಕದ ಬಡ ರೈತನಾಗಿ ವಿಜಯ್ ನಟಿಸಿದ್ದಾರೆ. ದಯವಿಟ್ಟು ನೋಡಿ. ಆ ಭುಜ, ಆ ನಡಿಗೆ ನಾಟಕದ ತಾಲೀಮಿಲ್ಲದೆ ಬರುವಂಥದ್ದಲ್ಲ.

ಸಮಯ ಓಡುತ್ತಿದೆ, ಬೇಗ ಹೇಳುತ್ತೇನೆ. ‘ನಾನು ಅವನಲ್ಲ ಅವಳು’ ಚಿತ್ರದ ಲಿಂಗತ್ವ ಅಲ್ಪಸಂಖ್ಯಾತೆಯ ಪಾತ್ರಕ್ಕೆ 2014ರ ಸಾಲಿನ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂತು. ಅದೇ ಸಾಲಿನಲ್ಲಿ ‘ಹರಿವು’ ಶ್ರೇಷ್ಠ ಕನ್ನಡ ಚಿತ್ರ. ಕನ್ನಡ ಚಿತ್ರಕ್ಕೆ ಶ್ರೇಷ್ಠ ನಟ ಪ್ರಶಸ್ತಿ ತಂದವರು ಅವರಿಗಿಂತ ಮೊದಲು ಇಬ್ಬರೇ: ‘ಚೋಮನ ದುಡಿ’ಯ ಎಂ.ವಿ. ವಾಸುದೇವರಾವ್, ‘ತಬರನ ಕಥೆ’ಯ ಚಾರುಹಾಸನ್. ವಾಸುದೇವರಾಯರೂ ನಾಟಕದಿಂದಲೇ ಬಂದವರು, ಗುಬ್ಬಿ ಕಂಪನಿಯವರು!

ಕೊರೊನಾ ಎರಡನೇ ಅಲೆಯಲ್ಲಿ ವಿಜಯ್ ಸ್ವಯಂಸೇವಕರ ಜೊತೆ ಸೇರಿ ರೋಗಿಗಳಿಗೆ ಆಮ್ಲಜನಕ ತಲುಪಿಸಲು ಓಡಾಡಿದರು. 2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡಾಗ ವಯಸ್ಸು 37. ಮನೆಯವರು ಅಂಗಾಂಗ ದಾನ ಮಾಡಿದರು. ಇನ್ನೂ ಎಷ್ಟು ಪಾತ್ರಗಳಿದ್ದವೋ ಅವರೊಳಗೆ!

ಸಿನಿಮಾದವರಿಗೆ ಫೋಟೊ ಕಳಿಸೋದು ಆಮೇಲೆ ಇರಲಿ. ನಾಟಕ ಕಲಿಯೋಕೆ ಹೆಗ್ಗೋಡಿನ ನೀನಾಸಂ ಇದೆ, ಸಾಣೇಹಳ್ಳಿಯಲ್ಲಿ ರಂಗಶಾಲೆ ಇದೆ, ಮೈಸೂರಿನಲ್ಲಿ ರಂಗಾಯಣ ಇದೆ. ಮೊದಲು ಅಲ್ಲಿಗೆ ಅರ್ಜಿ ಹಾಕಿ. ನಮಸ್ಕಾರ.