ಮಾಡಿಗೆ ಹೊದಿಕೆ ಹೊತ್ತ ರೈಲು

ನಮಸ್ಕಾರ. 1865 ಎಂದರೆ ಮಂಗಳೂರಿಗೆ ಹಂಚಿನ ಇಸವಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ, ನೇತ್ರಾವತಿಯ ಬದಿಯಲ್ಲಿ, ಹಂಚಿನ ಕಾರ್ಖಾನೆ ಆರಂಭಿಸಿದ್ದು ಆಗ. ಅದೇ ವರ್ಷ ಬ್ರಿಟನ್ನಿನ ವೇಲ್ಸ್‌ನಲ್ಲಿ ಟ್ಯಾಲಿಲಿನ್ ಎಂಬ ಪುಟ್ಟ ರೈಲುಮಾರ್ಗ ಶುರುವಾಯಿತು. ಅದು ಸಾಗಿಸಿದ್ದೂ ಮಾಡಿಗೆ ಹೊದಿಸುವ ಸರಕನ್ನೇ: ಸ್ಲೇಟ್ ಕಲ್ಲಿನ ತೆಳು ಹಲಗೆಗಳನ್ನು. ನಮ್ಮಲ್ಲಿ ಮಣ್ಣು ತರಲು, ಹಂಚು ಸಾಗಿಸಲು ಹೊಳೆಯೂ ದೋಣಿಯೂ ಇದ್ದವು. ಅಲ್ಲಿ ಆ ಕೆಲಸಕ್ಕೆ ಹಳಿ ಬೇಕಾಯಿತು.

ಹಣ ಹಾಕಿದವರು ಮ್ಯಾಂಚೆಸ್ಟರಿನ ಬಟ್ಟೆ ಗಿರಣಿಯ ಮೆಕಾನೆಲ್ ಕುಟುಂಬ. ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ಬರುವುದು ಕಡಿಮೆಯಾಗಿ ಅವರು ಬೇರೆ ಉದ್ಯಮ ಹುಡುಕುತ್ತಿದ್ದರು. ಗುಡ್ಡದ ಮೇಲಿನ ಬ್ರಿನ್ ಎಗ್ಲುಯಿಸ್ ಗಣಿಯಿಂದ ಕರಾವಳಿಯ ಟೌವಿನ್ ಊರಿನ ಕಡೆಗೆ ಹಳಿ ಹಾಕಿಸಿದರು. ಹಳಿಗಳ ನಡುವಿನ ಅಂತರ ಬರೀ 686 ಮಿಲಿಮೀಟರ್. ನಮ್ಮ ಮಂಗಳೂರು ಸೆಂಟ್ರಲ್‌ನಲ್ಲಿ ಅದು 1676.

ಈ ರೈಲಿನ ಒಂದು ಸಂಗತಿ ನನಗೆ ಬಹಳ ಇಷ್ಟ. 1866ರಲ್ಲಿ ಸರ್ಕಾರದ ಪರಿಶೀಲಕ ಕ್ಯಾಪ್ಟನ್ ಟೈಲರ್ ಬಂದು ನೋಡಿದಾಗ ಹಳಿಯ ಮೇಲೆ ಹಾದುಹೋಗುವ ಸೇತುವೆಗಳ ಕಮಾನಿನ ಗೋಡೆಗೂ ಬೋಗಿಗೂ ನಡುವೆ ಸಾಕಷ್ಟು ಜಾಗವೇ ಇರಲಿಲ್ಲ. ರೈಲು ಅಲ್ಲೇ ನಿಂತುಬಿಟ್ಟರೆ ಜನ ಇಳಿಯುವುದು ಹೇಗೆ? ಸೇತುವೆ ಒಡೆಯಲಿಲ್ಲ. ಬೋಗಿಗಳ ಒಂದು ಬದಿಯ ಬಾಗಿಲುಗಳನ್ನು ಶಾಶ್ವತವಾಗಿ ಮುಚ್ಚಿ, ಸೇತುವೆಯ ಕೆಳಗೆ ಹಳಿಯನ್ನೇ ಆ ಬದಿಗೆ ಸರಿಸಿದರು. ಇನ್ನೊಂದು ಬದಿಯಲ್ಲಿ ಮನುಷ್ಯ ಇಳಿಯುವಷ್ಟು ಜಾಗ ಸಿಕ್ಕಿತು. ಇವತ್ತಿಗೂ ಅಲ್ಲಿ ಹತ್ತುವುದು, ಇಳಿಯುವುದು ಒಂದೇ ಬದಿಯಿಂದ. ಇಂಥದ್ದು ಛಾಯಾಚಿತ್ರದಲ್ಲಿ ಉಳಿಯುವುದಿಲ್ಲ, ಓಡುವ ರೈಲಿನಲ್ಲಿ ಮಾತ್ರ ಉಳಿಯುತ್ತದೆ.

1946ರಲ್ಲಿ ಗಣಿ ಮುಚ್ಚಿತು. ಮಾಲೀಕ ಹೇಡನ್ ಜೋನ್ಸ್ ತಾನು ಬದುಕಿರುವವರೆಗೆ ರೈಲು ಓಡಿಸುತ್ತೇನೆ ಎಂದಿದ್ದರು, ಹಾಗೆಯೇ ಮಾಡಿದರು. 1950ರ ಜುಲೈಯಲ್ಲಿ ಅವರು ತೀರಿಕೊಂಡರು. ಅಕ್ಟೋಬರಿನಲ್ಲಿ ಬರ್ಮಿಂಗ್‌ಹ್ಯಾಮಿನ ಹೋಟೆಲೊಂದರಲ್ಲಿ ಲೇಖಕ ಎಲ್.ಟಿ.ಸಿ. ರೋಲ್ಟ್ ಮತ್ತು ಸಂಗಡಿಗರು ಸಭೆ ಕರೆದು, ರೈಲನ್ನು ಉಳಿಸಲು ಸಂಘ ಕಟ್ಟಿದರು. ಹಳಿ ಸವೆದಿತ್ತು, ಓಡುವ ಸ್ಥಿತಿಯಲ್ಲಿದ್ದದ್ದು ಡೊಲ್ಗೊಖ್ ಎಂಬ ಒಂದೇ ಎಂಜಿನ್. ಆದರೂ 1951ರ ಮೇ ತಿಂಗಳಲ್ಲಿ ರೈಲು ಹೊರಟಿತು. ಸ್ವಯಂಸೇವಕರು ಉಳಿಸಿ ನಡೆಸಿದ ಜಗತ್ತಿನ ಮೊದಲ ರೈಲುಮಾರ್ಗ ಅದು. 2021ರಲ್ಲಿ ಯುನೆಸ್ಕೊ ಆ ಸ್ಲೇಟ್ ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈಗ ನಮ್ಮೂರಿಗೆ ಬನ್ನಿ. ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿವೆ. ಹೆಸರು ಅಚ್ಚಾದ ಹಳೆಯ ಹಂಚುಗಳನ್ನು ಹುಡುಕಿ ತಂದು ಗೋಡೆ ಅಲಂಕರಿಸುತ್ತೇವೆ. ಅದನ್ನು ಒತ್ತಿದ ಯಂತ್ರ ಗುಜರಿಗೆ ಹೋಗುತ್ತದೆ. ಇದು ನನಗೆ ನುಂಗಲಾರದ ತುತ್ತು. ಮಾಲೀಕರನ್ನು ದೂರುವುದಿಲ್ಲ. ಮಣ್ಣು ಸಿಗುವುದು ಕಷ್ಟ, ಕೊಳ್ಳುವವರು ಕಡಿಮೆ, ಜಾಗಕ್ಕೆ ಚಿನ್ನದ ಬೆಲೆ. ಅವರೊಬ್ಬರೇ ನಷ್ಟ ಹೊತ್ತು ನಮ್ಮ ಹೆಮ್ಮೆ ಕಾಯಬೇಕು ಎನ್ನುವುದು ನ್ಯಾಯವಲ್ಲ.

ಆದ್ದರಿಂದಲೇ ಊರಿನವರು ಸೇರಿ ಒಂದು ಕಾರ್ಖಾನೆಯನ್ನಾದರೂ ಟ್ರಸ್ಟ್ ಮಾಡಿ ಉಳಿಸಿಕೊಳ್ಳಬೇಕು ಎನ್ನುತ್ತೇನೆ. ಮ್ಯೂಸಿಯಂ ಮಾಡಿ ಬೀಗ ಹಾಕುವುದು ಬೇಡ. ಮಣ್ಣು ಅರೆಯುವ ಯಂತ್ರ, ಅಚ್ಚು, ಒಣಗಿಸುವ ಅಟ್ಟಣಿಗೆ, ಗೂಡು ಎಲ್ಲವೂ ಒಂದೇ ಕಡೆ ಇದ್ದು, ವರ್ಷಕ್ಕೆ ಕೆಲವು ಸಲವಾದರೂ ಬೆಂಕಿ ಹೊತ್ತಬೇಕು. ಗಿರಾಕಿಗಳಿಲ್ಲ ಎನ್ನಬೇಡಿ. ಗುತ್ತಿನ ಮನೆ, ದೈವಸ್ಥಾನ, ಇಗರ್ಜಿ, ಹಳೆಯ ಶಾಲೆ ಎಲ್ಲಕ್ಕೂ ಮಳೆಗಾಲಕ್ಕೆ ಮುನ್ನ ಒಡೆದ ಹಂಚು ಬದಲಿಸಬೇಕು, ಹಳೆಯ ಅಳತೆಗೆ ಸರಿಹೊಂದುವ ಹಂಚೇ ಬೇಕು.

ಮೊದಲು ಮಾಡಬೇಕಾದದ್ದಕ್ಕೆ ದುಡ್ಡೂ ಬೇಡ. ಗೂಡಿನ ಬೆಂಕಿಯನ್ನು ಬಣ್ಣ ನೋಡಿಯೇ ಅಳೆಯಬಲ್ಲ ಹಿರಿಯ ಕೆಲಸಗಾರರು ನಮ್ಮ ನಡುವೆ ಇರುವಾಗಲೇ ಅವರನ್ನು ಕೂರಿಸಿ, ಕೇಳಿ, ದಾಖಲಿಸೋಣ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಇವತ್ತೇ ಕೇಳಲು ಶುರು ಮಾಡಿ.