ಅಡುಗೆಮನೆಯ ಮೂಲೆಯಲ್ಲಿ ಮೂರು ಕ್ಯಾನು

ನೀರು ಬಾರದ ದಿನಗಳಿಗೆಂದು ಕುಡಿಯುವ ನೀರನ್ನು ಕೂಡಿಡಲು ನಾನು ಕಲಿತದ್ದು ಹೇಗೆಂದು ಹೇಳುವ ಮೊದಲು, ಈಗ ನೀವು ನೋಡುತ್ತಿರುವ ಈ ನೀಲಿ ಡ್ರಮ್ಮಿನ ಕತೆಯನ್ನು ಹೇಳಿಬಿಡುತ್ತೇನೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಒಂದೊಂದಾಗಿ ಬತ್ತಿ, ಟ್ಯಾಂಕರ್ ನೀರಿನ ದರಕ್ಕೆ ಜಿಲ್ಲಾಡಳಿತವೇ ಮಿತಿ ಹಾಕಬೇಕಾಗಿ ಬಂದಿತ್ತು. ಆಗ ಇದನ್ನು ತಂದು, ಕುಡಿಯುವ ನೀರನ್ನು ಅಂಚಿನವರೆಗೆ ತುಂಬಿಸಿ, ಗೆದ್ದೆ ಎಂದು ಬೀಗಿದ್ದೆ. ಹತ್ತನೆಯ ದಿನ ಬಗ್ಗಿ ನೋಡಿದರೆ ಒಳಗೆ ಸೊಳ್ಳೆಮರಿಗಳು ಕುಣಿಯುತ್ತಿದ್ದವು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೊಳಚೆ ಬೇಕಿಲ್ಲ, ನಾವು ಜೋಪಾನ ಮಾಡಿದ ಇಂಥ ತಿಳಿನೀರೇ ಸಾಕು. ಮುಚ್ಚಳ ಸಡಿಲ, ಸಾಲದ್ದಕ್ಕೆ ಮನೆಮಂದಿಯೆಲ್ಲ ಲೋಟ ಅದ್ದುತ್ತಿದ್ದೆವು.

"ನೀರು ತಾನಾಗಿ ಕೆಡುವುದಿಲ್ಲ ಕಣೇ, ನಾವು ಕೈಹಾಕಿ ಕೆಡಿಸುತ್ತೇವೆ" ಎಂದರು ಅಮ್ಮ. ಡ್ರಮ್ಮು ಅಂದಿನಿಂದ ಬಟ್ಟೆ ಒಗೆಯುವ ಜಾಗಕ್ಕೆ ಹೋಯಿತು.

ಈಗ ಅಡುಗೆಮನೆಗೆ ಬನ್ನಿ. ಕುಡಿಯಲು ಮತ್ತು ಅಡುಗೆಗೆ ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಎಂದರೂ, ನಾಲ್ವರಿಗೆ ಮೂರು ದಿನಕ್ಕೆ 48 ಲೀಟರ್ ಬೇಕು. ಅದಕ್ಕೇ 20 ಲೀಟರಿನ ಈ ಮೂರು ಕ್ಯಾನು. ಬಾಯಿ ಕಿರಿದು, ಕೆಳಗೆ ನಲ್ಲಿ. ಲೋಟ ಒಳಗೆ ಹೋಗಬೇಕೆಂದರೂ ಹೋಗುವುದಿಲ್ಲ, ಈ ಏರ್ಪಾಡಿನ ಜೀವಾಳವೇ ಅದು. ಎಣ್ಣೆಯ ಅಥವಾ ಹಾಲಿನ ಹಳೆಯ ಕ್ಯಾನು ಬೇಡ, ಎಷ್ಟು ಉಜ್ಜಿದರೂ ಜಿಡ್ಡು ಉಳಿಯುತ್ತದೆ. ಔಷಧ ಸಿಂಪಡಣೆಯ ಕ್ಯಾನಿನ ಬಗ್ಗೆ ಹೇಳಬೇಕಾಗಿಯೇ ಇಲ್ಲ.

ಕ್ಯಾನನ್ನು ಸೋಪಿನ ನೀರಿನಲ್ಲಿ ತೊಳೆದೆ. ಆಮೇಲೆ ಪರಿಮಳವಿಲ್ಲದ ಮನೆಬಳಕೆಯ ಬ್ಲೀಚನ್ನು ಲೀಟರಿಗೆ ಒಂದು ಟೀ ಚಮಚದಂತೆ ಬೆರೆಸಿ, ಒಳಗೆ ಸುತ್ತ ಕುಲುಕಿ, ಅರ್ಧ ನಿಮಿಷ ಬಿಟ್ಟು ಚೆಲ್ಲಿ, ಒಳ್ಳೆಯ ನೀರಿನಲ್ಲಿ ಜಾಲಿಸಿದೆ.

ಇನ್ನು ಯಾವ ನೀರು ತುಂಬಬೇಕು? ಆರ್‌ಒ ಎಂಬ ಶುದ್ಧೀಕರಣ ಯಂತ್ರದ ನೀರು ಎಂದೇ ನಾನೂ ಅಂದುಕೊಂಡಿದ್ದೆ. ಆದರೆ ಆ ಯಂತ್ರ ಕ್ಲೋರಿನನ್ನೂ ತೆಗೆದುಬಿಡುತ್ತದೆ. ಆಮೇಲೆ ಒಂದು ಸೂಕ್ಷ್ಮಾಣು ಹೊಕ್ಕರೂ ತಡೆಯುವ ಕಾವಲುಗಾರ ಇಲ್ಲ. ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ ಬರುವ ಕಾವೇರಿ ನೀರಿನಲ್ಲಿ ಆ ಕ್ಲೋರಿನ್ ಇರುತ್ತದೆ. ಹಾಗಾಗಿ ನೀರು ಬಿಡುವ ದಿನ, ನೆಲದಡಿಯ ಸಂಪ್ ತೊಟ್ಟಿಗೆ ಬೀಳುವ ಮೊದಲೇ, ಬೀದಿಯ ಕೊಳವೆಯಿಂದ ನೇರ ಬರುವ ನಲ್ಲಿಗೆ ಕ್ಯಾನು ಹಿಡಿಯುತ್ತೇನೆ. ಮೊದಲ ಕೆಂಪು ನೀರು ಗಿಡಗಳಿಗೆ. ಅನುಮಾನ ಬಂದ ನೀರಿಗೆ ಕ್ಲೋರಿನ್ ಮಾತ್ರೆ; ಎಷ್ಟು ಲೀಟರಿಗೆ ಒಂದು ಎಂಬುದು ಒಂದೊಂದು ಬಗೆಗೆ ಬೇರೆ, ಮಾತ್ರೆಯ ಪೊಟ್ಟಣದ ಮೇಲೆ ಓದಿಯೇ ಹಾಕಿ, ಅರ್ಧ ಗಂಟೆ ಕಾಯಿರಿ. ಕುದಿಸುವುದಾದರೆ ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು, ಆದರೆ ಆ ನೀರನ್ನು ಮುಚ್ಚಿಟ್ಟು ಬೇಗ ಮುಗಿಸಿ.

ಕ್ಯಾನುಗಳಿಗೆ ಬಿಸಿಲು ಬೀಳಬಾರದು, ಪಾಚಿ ಕಟ್ಟುತ್ತದೆ. ಪೆಟ್ರೋಲು, ಸೀಮೆಎಣ್ಣೆ, ಜಿರಲೆಯ ಔಷಧ ಹತ್ತಿರವೂ ಸುಳಿಯಬಾರದು. ಅವುಗಳ ಆವಿ ಪ್ಲಾಸ್ಟಿಕ್ಕನ್ನು ದಾಟಿ ಒಳಗೆ ಇಳಿಯುತ್ತದೆ. ಅಟ್ಟವೂ ಬೇಡ: ತುಂಬಿದ ಕ್ಯಾನು 20 ಕಿಲೋ, ನನ್ನ ಸೊಂಟ ಒಂದೇ.

ಆರು ತಿಂಗಳಿಗೊಮ್ಮೆ ನೀರು ಬದಲಿಸಬೇಕು. ದಿನಾಂಕ ಬರೆದಿಟ್ಟೆ, ಮರೆತೆ. ಅಮ್ಮ ದಾರಿ ತೋರಿಸಿದರು: ಯುಗಾದಿಗೊಮ್ಮೆ, ಆಯುಧಪೂಜೆಗೊಮ್ಮೆ. ಹಳೆಯ ನೀರು ನೆಲ ಒರೆಸಲು, ಹೊಸ ನೀರು ಕ್ಯಾನಿಗೆ. ಕಳೆದ ಆಯುಧಪೂಜೆಯಂದು ಸ್ಕೂಟರಿಗೆ, ಮಿಕ್ಸಿಗೆ ಕುಂಕುಮ ಇಟ್ಟ ಅಮ್ಮ, ಮೂರು ಮುಚ್ಚಳಗಳ ಮೇಲೂ ಒಂದೊಂದು ಬೊಟ್ಟು ಇಟ್ಟರು. ನೋಡಿ, ಇನ್ನೂ ಅಳಿಸಿಲ್ಲ.